ಫಾರ್ಮಿನ ನೆನಪು: ಬ್ರೌಸರಿನಲ್ಲಿ ಏನು ಉಳಿಯಬೇಕು, ಏನು ಉಳಿಯಬಾರದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದಲೇ ನಮ್ಮ ಕಚೇರಿಯ ಮುಂದೆ ಸಾಲು ಶುರುವಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಈ ಸಲ ಪ್ರವೇಶಕ್ಕೆ ಬರುವವರ ವಿವರ ಬರೆದುಕೊಳ್ಳಲು ವರಾಂಡದಲ್ಲಿ ಒಂದು ಮೇಜು, ಒಂದು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್ ಹಾಕಿ, ಕಂಪ್ಯೂಟರ್ ಸೈನ್ಸ್ ಓದುವ ನಮ್ಮಲ್ಲಿ ನಾಲ್ವರನ್ನು ಅಲ್ಲಿ ಕೂರಿಸಿದ್ದರು. ಹಿಂದಿನ ವರ್ಷ ಇದನ್ನೆಲ್ಲ ಕೈಯಲ್ಲಿ ಬರೆಯುತ್ತಿದ್ದರು. ಕೈಬರಹ ಓದಲಾಗದೆ ಕಚೇರಿಯವರು ಪಟ್ಟ ಪಾಡು ನೋಡಿ, ಒಂದು ಸಣ್ಣ ವೆಬ್ ಪುಟ ಮಾಡಿಕೊಡುತ್ತೇನೆ ಎಂದು ನಾನೇ ಮುಂದಾಗಿ ಹೇಳಿದೆ. ಹದಿನಾರು ಖಾನೆಗಳ ಒಂದು ಫಾರ್ಮ್, ಕೆಳಗೆ 'ಮುದ್ರಿಸು' ಎಂಬ ಗುಂಡಿ. ಅಷ್ಟೇ.

ಮೊದಲ ದಿನ ಮಧ್ಯಾಹ್ನದೊಳಗೇ ತೊಂದರೆ ಗೊತ್ತಾಯಿತು. ಹದಿನಾರರಲ್ಲಿ ಏಳೆಂಟು ಖಾನೆಗಳಿಗೆ ಎಲ್ಲರದ್ದೂ ಒಂದೇ ಉತ್ತರ. ಅದೇ ಜಿಲ್ಲೆ, ಅದೇ ತಾಲೂಕು, ಅದೇ ಶೈಕ್ಷಣಿಕ ವರ್ಷ, ಅದೇ ಪಿನ್‌ಕೋಡ್. ಒಂದೇ ಹೈಸ್ಕೂಲಿನ ಐದಾರು ಮಕ್ಕಳು ಒಂದೇ ಆಟೋದಲ್ಲಿ ಬಂದರಂತೂ ಶಾಲೆಯ ಹೆಸರು, ಮಾಧ್ಯಮ, ಊರು ಎಲ್ಲವೂ ಅದೇ. ಪ್ರತಿ ಸಲವೂ ಅದನ್ನೇ ಟೈಪ್ ಮಾಡಿ ಮಾಡಿ ಪಕ್ಕದಲ್ಲಿದ್ದ ಗೆಳತಿ, "ನಿನ್ನ ಪುಟಕ್ಕೆ ಸ್ವಲ್ಪ ನೆನಪಿನ ಶಕ್ತಿ ಕೊಡಲಾಗದಾ?" ಎಂದು ಕೇಳಿದಳು. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ಪುಟಕ್ಕೆ ನೆನಪಿನ ಶಕ್ತಿ ಕೊಡುವುದು ಕಷ್ಟವಿಲ್ಲ, ಹತ್ತು ಸಾಲಿನ ಕೆಲಸ. ನಾನು ಎಡವಿದ್ದು ಬೇರೆ ಕಡೆ.

ಮೊದಲು, ಪುಟಕ್ಕೆ ನೆನಪು ಏಕೆ ಇರುವುದಿಲ್ಲ ಎಂದು ನೋಡೋಣ. ಬ್ರೌಸರಿನಲ್ಲಿ ಪುಟವೊಂದು ತೆರೆದಾಗ ಅದರ ಜಾವಾಸ್ಕ್ರಿಪ್ಟ್ ಹೊಸದಾಗಿ ಓಡುತ್ತದೆ. ಅದರಲ್ಲಿರುವ ವೇರಿಯಬಲ್‌ಗಳು ಪುಟ ತೆರೆದಿರುವವರೆಗೆ ಮಾತ್ರ ಬದುಕುತ್ತವೆ. ರಿಫ್ರೆಶ್ ಒತ್ತಿದರೆ ಎಲ್ಲವೂ ಸೊನ್ನೆಯಿಂದ ಶುರು. ವೆಬ್ ಹುಟ್ಟಿದ್ದೇ ಹೀಗೆ. ಸರ್ವರ್‌ಗೆ ಹೋಗುವ ಪ್ರತಿ ಕೋರಿಕೆಯೂ ಹೊಸ ಕೋರಿಕೆ. ಹಿಂದೆ ಯಾರು ಏನು ಕೇಳಿದ್ದರು ಎಂಬುದು ಎಚ್‌ಟಿಟಿಪಿ ನಿಯಮಕ್ಕೆ ಗೊತ್ತಿರುವುದಿಲ್ಲ. ಈ ಮರೆವಿಗೆ ಮೊದಲ ಮದ್ದು ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಅದನ್ನು ರೂಪಿಸಿದರು. ಆದರೆ ಒಂದು ಕುಕಿಯಲ್ಲಿ ಸುಮಾರು 4 ಕೆಬಿ ಮಾತ್ರ ಹಿಡಿಯುತ್ತದೆ. ಅಲ್ಲದೆ ಅದು ಪ್ರತಿ ಕೋರಿಕೆಯ ಜೊತೆಗೂ ಸರ್ವರಿಗೆ ಹೋಗಿ ಬರುತ್ತದೆ. ನನ್ನ ಪುಟಕ್ಕೆ ಸರ್ವರೇ ಇರಲಿಲ್ಲ, ಹಾಗಾಗಿ ಕುಕಿ ನನಗೆ ಬೇಕಿರಲಿಲ್ಲ.

ನನಗೆ ಬೇಕಾಗಿದ್ದದ್ದು ವೆಬ್ ಸ್ಟೋರೇಜ್. 2009ರ ಹೊತ್ತಿಗೆ ಇದು ಬ್ರೌಸರ್‌ಗಳಲ್ಲಿ ಬರತೊಡಗಿತು, 2013ರಲ್ಲಿ ಡಬ್ಲ್ಯು3ಸಿ ಸಂಸ್ಥೆ ಇದನ್ನು ಅಧಿಕೃತ ಶಿಫಾರಸು ಎಂದು ಪ್ರಕಟಿಸಿತು. ಇದರಲ್ಲಿ ಎರಡು ಬಗೆ: ಲೋಕಲ್‌ಸ್ಟೋರೇಜ್ ಮತ್ತು ಸೆಷನ್‌ಸ್ಟೋರೇಜ್. ಪೈಥಾನ್ ಓದುತ್ತಿರುವವರಿಗೆ ಡಿಕ್ಷನರಿ ಗೊತ್ತಿದೆಯಲ್ಲ, ಹೆಚ್ಚುಕಡಿಮೆ ಅದೇ. ಒಂದು ಕೀ, ಅದಕ್ಕೊಂದು ಮೌಲ್ಯ. ಇಡಲು ಸೆಟ್‌ಐಟಂ, ತೆಗೆಯಲು ಗೆಟ್‌ಐಟಂ, ಒಂದನ್ನು ಅಳಿಸಲು ರಿಮೂವ್‌ಐಟಂ, ಎಲ್ಲವನ್ನೂ ಅಳಿಸಲು ಕ್ಲಿಯರ್. ನಾಲ್ಕೇ ಆಜ್ಞೆಗಳನ್ನು ಕಲಿತರೆ ಸಾಕು. (ಕೋಡಿನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಲೋಕಲ್ ಎಂಬುದು ಸಣ್ಣಕ್ಷರದಲ್ಲಿ, ಸ್ಟೋರೇಜ್‌ನ ಮೊದಲ ಅಕ್ಷರ ದೊಡ್ಡದು, ನಡುವೆ ಜಾಗವಿಲ್ಲ. ಒಂದು ಅಕ್ಷರ ತಪ್ಪಿದರೂ ಕೆಲಸ ಮಾಡುವುದಿಲ್ಲ. ನಾನು ಅರ್ಧ ಗಂಟೆ ಕಳೆದುಕೊಂಡದ್ದು ಇದರಲ್ಲೇ.) ಕೀ ಮಾತ್ರ ಕನ್ನಡದಲ್ಲೇ ಇರಬಹುದು. "ತಾಲೂಕು" ಎಂದೇ ಕೀ ಇಟ್ಟೆ, ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತು.

ಜಾಗದ ಚಿಂತೆಯಿಲ್ಲ. ಒಂದು ತಾಣಕ್ಕೆ ಸುಮಾರು 5 ಎಂಬಿ ಕೊಡುತ್ತಾರೆ. ಜಾವಾಸ್ಕ್ರಿಪ್ಟ್ ಅಕ್ಷರಗಳನ್ನು ಯುಟಿಎಫ್-16 ರೀತಿಯಲ್ಲಿ ನೋಡುತ್ತದೆ. 'ಕರ್ನಾಟಕ' ಎಂಬ ಪದ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ; ಅದರ ಲೆಕ್ಕದಲ್ಲಿ ಏಳು. ಕ, ರ, ಹಲಂತ, ನ, ಆಕಾರದ ಚಿಹ್ನೆ, ಟ, ಕ. ಏಳು ಘಟಕ, ತಲಾ 2 ಬೈಟ್, ಒಟ್ಟು 14 ಬೈಟ್. ಈ ಲೆಕ್ಕದಲ್ಲಿ ಇಡೀ ಕಾಲೇಜಿನ ಹಾಜರಿ ಪುಸ್ತಕವನ್ನೇ ಅದರೊಳಗೆ ತುಂಬಬಹುದು. ತುಂಬಬಹುದು ಎಂಬುದೇ ನನ್ನನ್ನು ಕೆಡಿಸಿತು, ಅದನ್ನು ಮುಂದೆ ಹೇಳುತ್ತೇನೆ.

ಆ ರಾತ್ರಿ ಇಶಾ ನಮಾಝ್ ಮುಗಿಸಿ ಕೂತು ಮನೆಯ ಲ್ಯಾಪ್‌ಟಾಪಿನಲ್ಲಿ ಬರೆದೆ. ಯೋಚನೆ ಸರಳ. 'ಮುದ್ರಿಸು' ಒತ್ತಿದಾಗ ಪ್ರತಿ ಖಾನೆಯಲ್ಲಿರುವುದನ್ನೂ ಆ ಖಾನೆಯ ಹೆಸರಿನ ಕೀ ಅಡಿಯಲ್ಲಿ ಉಳಿಸಬೇಕು. ಪುಟ ತೆರೆದಾಗ ಪ್ರತಿ ಕೀಯಲ್ಲಿರುವುದನ್ನೂ ತೆಗೆದು ಆಯಾ ಖಾನೆಗೆ ತುಂಬಬೇಕು. ಹದಿನಾರು ಖಾನೆಗೆ ಹದಿನಾರು ಸಾಲು ಬರೆಯುವ ಬದಲು ಒಂದು ಲೂಪ್ ಬರೆದೆ. ಬುದ್ಧಿವಂತಿಕೆಯ ಕೆಲಸ ಎಂದುಕೊಂಡೆ. ಜಿಲ್ಲೆ, ತಾಲೂಕು, ಊರು ಎಲ್ಲ ತುಂಬಿ ಪರೀಕ್ಷಿಸಿದೆ. ರಿಫ್ರೆಶ್ ಮಾಡಿದರೂ ಉಳಿದಿತ್ತು. ಖುಷಿಯಿಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮಲಗಿದೆ.

ಬೆಳಿಗ್ಗೆ ವರಾಂಡದ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಖಾಲಿ. ಫೈಲ್ ಅದೇ, ನೆನಪು ಮಾತ್ರ ಬಂದಿರಲಿಲ್ಲ. ಉಳಿಸಿದ್ದು ಎಚ್‌ಟಿಎಂಎಲ್ ಫೈಲಿನೊಳಗೆ ಇರುತ್ತದೆ ಎಂದು ನಾನು ಭಾವಿಸಿದ್ದೆ. ಹಾಗಲ್ಲ. ಅದು ಇರುವುದು ಆ ಕಂಪ್ಯೂಟರಿನಲ್ಲಿ, ಆ ಬ್ರೌಸರಿನಲ್ಲಿ, ಆ ಬಳಕೆದಾರನ ಪ್ರೊಫೈಲಿನಲ್ಲಿ. ಕ್ರೋಮ್‌ನಲ್ಲಿ ಉಳಿಸಿದ್ದು ಫೈರ್‌ಫಾಕ್ಸ್‌ಗೆ ಗೊತ್ತಿರುವುದಿಲ್ಲ. ಅಷ್ಟೇ ಅಲ್ಲ, ಒಂದು ತಾಣ ಉಳಿಸಿದ್ದನ್ನು ಇನ್ನೊಂದು ತಾಣ ನೋಡಲಾಗದು. ತಾಣ ಒಂದೇ ಎನ್ನಬೇಕಾದರೆ ಮೂರು ಸಂಗತಿ ಒಂದೇ ಇರಬೇಕು: ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬುದು, ವಿಳಾಸ, ಮತ್ತು ಪೋರ್ಟ್ ಸಂಖ್ಯೆ. ಪೆನ್‌ಡ್ರೈವಿನಿಂದ ನೇರವಾಗಿ ತೆರೆದ ಫೈಲಿಗೆ ಈ ನಿಯಮ ಹೇಗೆ ಅನ್ವಯವಾಗುತ್ತದೆ ಎಂಬುದು ಬ್ರೌಸರಿನಿಂದ ಬ್ರೌಸರಿಗೆ ಬೇರೆ. ಹಾಗಾಗಿ ನಮ್ಮ ಸರ್ ಪೈಥಾನಿನ ಸಣ್ಣ ಸರ್ವರನ್ನು ಅದೇ ಕಂಪ್ಯೂಟರಿನಲ್ಲಿ ಓಡಿಸಿ ಪುಟವನ್ನು ಲೋಕಲ್‌ಹೋಸ್ಟ್ 8000 ಎಂಬ ವಿಳಾಸದಲ್ಲಿ ತೆರೆಯುವಂತೆ ಮಾಡಿಕೊಟ್ಟರು. ಲೋಕಲ್‌ಹೋಸ್ಟ್ ಎಂದು ಬರೆದರೂ 127.0.0.1 ಎಂದು ಬರೆದರೂ ತಲುಪುವುದು ಅದೇ ಕಂಪ್ಯೂಟರಿಗೆ, ಆದರೆ ಬ್ರೌಸರಿನ ಲೆಕ್ಕದಲ್ಲಿ ಅವು ಎರಡು ಬೇರೆ ತಾಣಗಳು. ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಸಿಗದು. ಬುಕ್‌ಮಾರ್ಕ್ ಮಾಡಿ ಒಂದೇ ವಿಳಾಸಕ್ಕೆ ಅಂಟಿಕೊಳ್ಳಿ.

ಮುಂದಿನ ತಮಾಷೆ ಕ್ರಮಸಂಖ್ಯೆಯದು. ಪ್ರತಿ ಅರ್ಜಿಗೂ ಸಂಖ್ಯೆ ತಾನೇ ಏರಲಿ ಎಂದು, ಉಳಿಸಿದ್ದಕ್ಕೆ ಒಂದು ಕೂಡಿಸಿ ಮತ್ತೆ ಉಳಿಸುವಂತೆ ಬರೆದಿದ್ದೆ. ಮೊದಲ ವಿದ್ಯಾರ್ಥಿಗೆ 1 ಬಂತು. ಎರಡನೆಯವನಿಗೆ 11. ಮೂರನೆಯವಳಿಗೆ 111. ಸಾಲಿನಲ್ಲಿದ್ದ ಒಬ್ಬ ಹುಡುಗ, "ಅಕ್ಕಾ, ಇಷ್ಟೊಂದು ಜನ ಆಗಲೇ ಸೇರಿಬಿಟ್ಟರಾ, ನನಗೆ ಸೀಟ್ ಸಿಗುತ್ತಾ?" ಎಂದು ಗಾಬರಿಯಾದ. ಕಾರಣ ಇಷ್ಟೇ: ಈ ಸಂಗ್ರಹ ಅಕ್ಷರಗಳ ಸಾಲನ್ನು, ಅಂದರೆ ಸ್ಟ್ರಿಂಗನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನಾವು 1 ಎಂಬ ಸಂಖ್ಯೆ ಕೊಟ್ಟರೂ ಅದು "1" ಎಂಬ ಅಕ್ಷರವಾಗಿ ಇರುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಅಕ್ಷರದ ಜೊತೆ ಕೂಡುವ ಚಿಹ್ನೆ ಬಳಸಿದರೆ ಅದು ಲೆಕ್ಕ ಮಾಡುವುದಿಲ್ಲ, ಪಕ್ಕಕ್ಕೆ ಅಂಟಿಸುತ್ತದೆ. ಮೊದಲ ಸಲ ಸರಿ ಬಂದದ್ದು ಏಕೆ? ಆಗ ಕೀ ಇರಲೇ ಇಲ್ಲ, ಗೆಟ್‌ಐಟಂ ನಲ್ ಎಂದಿತು, ನಲ್‌ಗೆ ಒಂದು ಕೂಡಿಸಿದರೆ ಜಾವಾಸ್ಕ್ರಿಪ್ಟ್ ಅದನ್ನು ಸೊನ್ನೆ ಎಂದು ಹಿಡಿದು 1 ಕೊಡುತ್ತದೆ. ಪರೀಕ್ಷೆ ಮಾಡುವಾಗ ಒಂದೇ ಸಲ ಒತ್ತಿ ನೋಡಿ ಸರಿಯಿದೆ ಎಂದುಕೊಂಡಿದ್ದೆ. ಕನಿಷ್ಠ ಮೂರು ಸಲ ಒತ್ತಿ ನೋಡಬೇಕು ಎಂದು ಸರ್ ಹೇಳಿದರು. ತೆಗೆದದ್ದನ್ನು ನಂಬರ್ ಎಂಬ ಫಂಕ್ಷನ್‌ಗೆ ಕೊಟ್ಟು ಸಂಖ್ಯೆ ಮಾಡಿಕೊಂಡ ಮೇಲೆ ಕೂಡಿಸಿದರೆ ಸರಿಹೋಗುತ್ತದೆ.

ಇದೇ ಜಾತಿಯ ಇನ್ನೊಂದು ತಪ್ಪು 'ಹಾಸ್ಟೆಲ್ ಬೇಕೆ' ಎಂಬ ಚೆಕ್‌ಬಾಕ್ಸಿನಲ್ಲಿತ್ತು. ಚೆಕ್‌ಬಾಕ್ಸಿನ ವ್ಯಾಲ್ಯೂ ಟಿಕ್ ಹಾಕಿದರೂ ಹಾಕದಿದ್ದರೂ ಒಂದೇ ಇರುತ್ತದೆ. ನೋಡಬೇಕಾದದ್ದು ಚೆಕ್ಡ್ ಎಂಬ ಗುಣವನ್ನು. ಅದನ್ನು ತಿದ್ದಿ 'ಫಾಲ್ಸ್' ಎಂದು ಉಳಿಸಿದರೆ, ವಾಪಸ್ ಬಂದದ್ದು "ಫಾಲ್ಸ್" ಎಂಬ ಪದ. ಖಾಲಿಯಲ್ಲದ ಯಾವ ಪದವನ್ನೂ ಜಾವಾಸ್ಕ್ರಿಪ್ಟ್ 'ಹೌದು' ಎಂದೇ ಓದುತ್ತದೆ. ಹಾಗಾಗಿ ಎಲ್ಲರಿಗೂ ಹಾಸ್ಟೆಲ್ ಬೇಕೆಂದು ಮುದ್ರಣವಾಯಿತು! ಇದಕ್ಕೆಲ್ಲ ಒಂದೇ ಪರಿಹಾರ ಜೇಸನ್. ಇಡುವಾಗ ಸ್ಟ್ರಿಂಗಿಫೈ ಮಾಡಿ ಇಡುವುದು, ತೆಗೆದಾಗ ಪಾರ್ಸ್ ಮಾಡುವುದು. ಸಂಖ್ಯೆ ಸಂಖ್ಯೆಯಾಗಿ, ಹೌದು-ಅಲ್ಲ ಹಾಗೆಯೇ, ಇಡೀ ಪಟ್ಟಿಯೂ ಪಟ್ಟಿಯಾಗಿಯೇ ವಾಪಸ್ ಬರುತ್ತದೆ.

ಪಟ್ಟಿಯನ್ನೂ ಉಳಿಸಬಹುದು ಎಂದು ಗೊತ್ತಾದದ್ದೇ ತಡ, ನಾನು ಇನ್ನೊಂದು ಸೇವೆ ಸೇರಿಸಿದೆ. ಮುದ್ರಿಸಿದ ಪ್ರತಿ ಅರ್ಜಿಯೂ 'ದಾಖಲೆಗಳು' ಎಂಬ ಒಂದೇ ಕೀ ಅಡಿಯಲ್ಲಿ ಪಟ್ಟಿಯಾಗಿ ಸೇರುತ್ತಾ ಹೋಗಲಿ, ಸಂಜೆ ಒಂದೇ ಗುಂಡಿ ಒತ್ತಿದರೆ ದಿನದ ರಿಜಿಸ್ಟರ್ ಬರಲಿ. ಕಚೇರಿಯವರಿಗೆ ತುಂಬ ಇಷ್ಟವಾಯಿತು. ಚಹಾ ಸಮೋಸಾ ತರಿಸಿಕೊಟ್ಟರು.

ಮೂರನೆಯ ದಿನ ಝುಹರ್ ವಿರಾಮ ಮುಗಿದ ಮೇಲೆ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದಳು. ನಾನು ಪರದೆಯನ್ನು ಅವರ ಕಡೆ ಸ್ವಲ್ಪ ತಿರುಗಿಸಿ, "ನೋಡ್ತಾ ಇರಿ, ತಪ್ಪಿದ್ದರೆ ಹೇಳಿ" ಎಂದೆ. ಪುಟ ತೆರೆಯಿತು. ಹಿಂದಿನ ಹುಡುಗಿಯ ತಂದೆಯ ಹೆಸರು, ಮೊಬೈಲ್ ಸಂಖ್ಯೆ, ವಾರ್ಷಿಕ ಆದಾಯ, ಎಲ್ಲವೂ ಖಾನೆಗಳಲ್ಲಿ ತುಂಬಿಕೊಂಡು ಕೂತಿದ್ದವು. ಅದು ನಮಗೆ ಮೂರು ದಿನದಿಂದ ರೂಢಿಯಾಗಿತ್ತು. ಹಳೆಯದರ ಮೇಲೆ ಹೊಸದನ್ನು ಟೈಪ್ ಮಾಡುತ್ತಿದ್ದೆವು. ಆ ತಾಯಿ ಓದಿದರು. ಹಿಂದಿನವರು ಅವರದೇ ಬೀದಿಯವರು. ಆದಾಯದ ಖಾನೆಯನ್ನು ಒಂದು ಕ್ಷಣ ನೋಡಿ, ಕಣ್ಣು ಬೇರೆಡೆ ತಿರುಗಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಬೇಟಾ, ನಮ್ಮದೂ ಹೀಗೇ ಮುಂದೆ ಬರುವವರಿಗೆ ಕಾಣುತ್ತದಾ?"

"ಇಲ್ಲ ಖಾಲಾ" ಎಂದುಬಿಟ್ಟೆ. ಬಾಯಿಂದ ತಾನಾಗಿ ಬಂತು. ಅದು ಸುಳ್ಳಾಗಿತ್ತು. ಅವರ ಮಗಳ ವಿವರ ಟೈಪ್ ಮಾಡುವಾಗ ನನ್ನ ಬೆರಳು ಸರಿಯಾಗಿ ಓಡಲಿಲ್ಲ. ಅವರು ಹೋದ ಮೇಲೆ 'ಅಳಿಸು' ಗುಂಡಿ ಒತ್ತಿದೆ, ಪರದೆ ಖಾಲಿಯಾಯಿತು, ಸಮಾಧಾನವಾಯಿತು. ರಿಫ್ರೆಶ್ ಮಾಡಿದೆ. ಆ ತಾಯಿಯ ಮೊಬೈಲ್ ಸಂಖ್ಯೆ ಮತ್ತೆ ಬಂದು ಕೂತಿತ್ತು. ರಿಸೆಟ್ ಗುಂಡಿ ಅಳಿಸುವುದು ಪರದೆಯ ಮೇಲಿನದನ್ನು ಮಾತ್ರ. ಸಂಗ್ರಹದಲ್ಲಿರುವುದನ್ನು ಅದು ಮುಟ್ಟುವುದೇ ಇಲ್ಲ.

ಸಂಜೆ ಸರ್ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಎಫ್12 ಒತ್ತಿ, ಅಪ್ಲಿಕೇಶನ್ ಎಂಬ ವಿಭಾಗಕ್ಕೆ ಹೋಗಿ, ಲೋಕಲ್ ಸ್ಟೋರೇಜ್ ಎಂದಿದ್ದಲ್ಲಿ ಕ್ಲಿಕ್ ಮಾಡಿದರು. (ಫೈರ್‌ಫಾಕ್ಸ್‌ನಲ್ಲಿ ಅದು ಸ್ಟೋರೇಜ್ ಎಂಬ ವಿಭಾಗದಲ್ಲಿ ಸಿಗುತ್ತದೆ.) 'ದಾಖಲೆಗಳು' ಕೀ ಎದುರಿಗೆ ಮೂರು ದಿನಗಳ 63 ಮಕ್ಕಳ ಹೆಸರು, ತಂದೆ ತಾಯಿಯ ಹೆಸರು, ಮೊಬೈಲ್ ಸಂಖ್ಯೆ, ವಿಳಾಸ, ಆದಾಯ ಸಾಲಾಗಿ ಬಿದ್ದಿದ್ದವು. ಪಾಸ್‌ವರ್ಡ್ ಇಲ್ಲ, ಬೀಗ ಇಲ್ಲ, ಗೂಢಲಿಪಿ ಇಲ್ಲ. ಮಧ್ಯಾಹ್ನ ನಾವು ನಾಲ್ವರೂ ಎದ್ದು ಹೋದಾಗ ವರಾಂಡದಲ್ಲಿ ಯಾರು ಬೇಕಾದರೂ ಆ ಕುರ್ಚಿಯಲ್ಲಿ ಕೂರುತ್ತಿದ್ದರು; ಕ್ರಿಕೆಟ್ ಸ್ಕೋರ್ ನೋಡಲು ಬರುತ್ತಿದ್ದವರೂ ಇದ್ದರು. ಅವರಲ್ಲಿ ಒಬ್ಬನಿಗೆ ಎಫ್12 ಗೊತ್ತಿದ್ದರೆ ಸಾಕಿತ್ತು. ಲೋಕಲ್‌ಸ್ಟೋರೇಜಿಗೆ ಅವಧಿಯೂ ಇಲ್ಲ. ಯಾರಾದರೂ ಅಳಿಸುವವರೆಗೆ, ತಿಂಗಳಾದರೂ ವರ್ಷವಾದರೂ, ಅಲ್ಲೇ ಇರುತ್ತದೆ. ಮುಂದೊಂದು ದಿನ ಆ ಕಂಪ್ಯೂಟರ್ ಗುಜರಿಗೆ ಹೋದರೆ ಅದರ ಜೊತೆಗೇ ಹೋಗುತ್ತದೆ.

ಸರ್ ಇನ್ನೊಂದು ಮಾತು ಹೇಳಿದರು, ಅದು ಇಂಟರ್ನೆಟ್‌ನಲ್ಲಿರುವ ನಿಜವಾದ ತಾಣ ಮಾಡುವವರಿಗೆ ಮುಖ್ಯ. ಒಂದು ತಾಣದ ಪುಟದಲ್ಲಿ ಓಡುವ ಯಾವ ಸ್ಕ್ರಿಪ್ಟ್ ಆದರೂ ಆ ತಾಣದ ಲೋಕಲ್‌ಸ್ಟೋರೇಜನ್ನು ಓದಬಲ್ಲದು. ನೀವು ಎಲ್ಲಿಂದಲೋ ತಂದು ಸೇರಿಸಿದ ಲೈಬ್ರರಿಯೂ ಓದಬಲ್ಲದು. ಕಾಮೆಂಟ್ ಖಾನೆಯ ಮೂಲಕ ಯಾರಾದರೂ ಒಳಗೆ ತೂರಿಸಿದ ಕೆಟ್ಟ ಸ್ಕ್ರಿಪ್ಟೂ ಓದಬಲ್ಲದು. ಪಾಸ್‌ವರ್ಡ್, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇವುಗಳನ್ನು ಅಲ್ಲಿ ಇಡಲೇಬಾರದು.

ರಿಜಿಸ್ಟರನ್ನು ಮುದ್ರಿಸಿ ಕಚೇರಿಯ ಬೀರುವಿಗೆ ಕೊಟ್ಟು, ಆ ಕೀಯನ್ನು ಅಲ್ಲೇ ಅಳಿಸಿದೆವು. ಆಮೇಲೆ ಸರ್ ಒಂದು ಖಾಲಿ ಹಾಳೆ ಕೊಟ್ಟು, ಹದಿನಾರು ಖಾನೆಗಳ ಹೆಸರು ಬರೆದು ಪ್ರತಿಯೊಂದರ ಎದುರು 'ಇದು ಯಾರದ್ದು' ಎಂದು ಬರೆ ಎಂದರು. ಇಷ್ಟು ದಿನ ನಾನು 'ಇದು ಮತ್ತೆ ಮತ್ತೆ ಬರುತ್ತದೆಯೇ' ಎಂದು ಮಾತ್ರ ಕೇಳಿಕೊಂಡಿದ್ದೆ. ಅದನ್ನೂ ಸರಿಯಾಗಿ ಕೇಳಿಕೊಂಡಿರಲಿಲ್ಲ, ಲೂಪ್ ಬರೆದು ಎಲ್ಲವನ್ನೂ ಗೋಣಿಗೆ ತುಂಬಿದ್ದೆ.

ಶೈಕ್ಷಣಿಕ ವರ್ಷ, ಜಿಲ್ಲೆ, ತಾಲೂಕು, ಮೇಜಿನಲ್ಲಿ ಕೂತ ಸ್ವಯಂಸೇವಕರ ಹೆಸರು: ಇವು ನಮ್ಮ ಮೇಜಿಗೆ ಸೇರಿದವು, ಬಂದವರಿಗಲ್ಲ. ಇವು ಲೋಕಲ್‌ಸ್ಟೋರೇಜಿನಲ್ಲಿ ಇರಲಿ. ಹೈಸ್ಕೂಲು, ಮಾಧ್ಯಮ, ಊರು, ಪಿನ್‌ಕೋಡ್ ಒಂದು ಗುಂಪಿಗೆ ಸೇರಿದವು. ಒಂದೇ ಶಾಲೆಯ ಮಕ್ಕಳು ಸಾಲಾಗಿ ಬಂದಾಗ ಮಾತ್ರ ಉಪಯೋಗ, ಗುಂಪು ಮುಗಿದರೆ ಹೋಗಬೇಕು. ಇವಕ್ಕೆ ಸೆಷನ್‌ಸ್ಟೋರೇಜ್ ಸರಿ. ಅದರ ಆಜ್ಞೆಗಳೆಲ್ಲ ಅವೇ, ಹೆಸರು ಮಾತ್ರ ಬೇರೆ. ರಿಫ್ರೆಶ್ ಮಾಡಿದರೆ ಉಳಿಯುತ್ತದೆ, ಆ ಟ್ಯಾಬ್ ಮುಚ್ಚಿದರೆ ಹೋಗುತ್ತದೆ, ಪಕ್ಕದಲ್ಲಿ ಹೊಸದಾಗಿ ತೆರೆದ ಟ್ಯಾಬಿಗೆ ಅದು ಕಾಣುವುದಿಲ್ಲ. ಅದರಲ್ಲೂ ತಾನಾಗಿ ಉಳಿಯುವುದು ಬೇಡವೆಂದು, ಆ ನಾಲ್ಕು ಖಾನೆಗಳ ಪಕ್ಕ 'ಮುಂದಿನವರಿಗೂ ಇದೇ' ಎಂಬ ಪುಟ್ಟ ಟಿಕ್ ಇಟ್ಟೆ. ಟಿಕ್ ಹಾಕಿದರೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಹೆಸರು, ತಂದೆ ತಾಯಿ, ಮೊಬೈಲ್, ಆದಾಯ, ನೋಂದಣಿ ಸಂಖ್ಯೆ ಇವೆಲ್ಲ ಬಂದವರದ್ದು. ಎಲ್ಲಿಯೂ ಉಳಿಯಬಾರದು.

ಚರ್ಚೆಯಾದದ್ದು ಎರಡು ಖಾನೆಗಳ ಬಗ್ಗೆ. ಒಂದು ಮಾತೃಭಾಷೆ, ಇನ್ನೊಂದು ಮೀಸಲಾತಿ ಪ್ರವರ್ಗ. ಇವೆರಡೂ ನಮ್ಮಲ್ಲಿ ಬಹುತೇಕ ಒಂದೇ ಬರುತ್ತವೆ, ಉರ್ದು ಮತ್ತು 2ಬಿ, ಉಳಿಸಿದರೆ ತಪ್ಪೇನು ಎಂದು ನನ್ನ ಸಹಪಾಠಿ ವಾದಿಸಿದ. ನಾನೂ ತಲೆಯಾಡಿಸಿದೆ. ಸರ್ ಮೂರು ದಿನದ ಹಾಳೆಗಳನ್ನು ತೆಗೆದು ಒಂದೊಂದಾಗಿ ನೋಡಿ ಎಂದರು. ನದಾಫ್ ಕುಟುಂಬದ ಒಬ್ಬ ಹುಡುಗನ ಹಾಳೆಯಲ್ಲಿ 2ಬಿ ಎಂದಿತ್ತು. ನದಾಫ್, ಪಿಂಜಾರರು ನಮ್ಮ ರಾಜ್ಯದ ಪಟ್ಟಿಯಲ್ಲಿ ಬರುವುದು ಪ್ರವರ್ಗ 1ರಲ್ಲಿ. ಬ್ಯಾರಿ ಮಾತಾಡುವ ಇಬ್ಬರ ಮಾತೃಭಾಷೆ ಉರ್ದು ಆಗಿತ್ತು. ನಮ್ಮಲ್ಲಿ ಓದಲು ಬರುವ ಹಿಂದೂ, ಕ್ರೈಸ್ತ ಮಕ್ಕಳಲ್ಲಿ ಒಬ್ಬಳ ಹಾಳೆಯಲ್ಲೂ 2ಬಿ! ಇವರಾರೂ ತಪ್ಪು ಹೇಳಿರಲಿಲ್ಲ. ನಾವು ಕೇಳಿಯೇ ಇರಲಿಲ್ಲ. ಖಾನೆ ಖಾಲಿ ಇದ್ದರೆ ಬಾಯಿ ತಾನಾಗಿ ಪ್ರಶ್ನೆ ಕೇಳುತ್ತದೆ. ತುಂಬಿದ್ದರೆ ಕಣ್ಣು ಅದನ್ನು ದಾಟಿ ಮುಂದೆ ಹೋಗುತ್ತದೆ. ಆ ಹುಡುಗನ ಜಾತಿ ಪ್ರಮಾಣಪತ್ರ ಕಚೇರಿಯ ಕೈಗೆ ಬಂದಾಗ ಹೇಗೂ ಸರಿಯಾಗುತ್ತಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಒಂದು ಪ್ರವರ್ಗ, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ಇದ್ದರೆ ಓಡಾಡಬೇಕಾದವನು ಅವನೇ, ನಾನಲ್ಲ. ಆ ಎರಡೂ ಖಾನೆಗಳನ್ನು ಬಂದವರ ಗುಂಪಿಗೆ ಸೇರಿಸಿದೆವು. ಹಳೆಯ 63 ಹಾಳೆಗಳನ್ನು ನಾವು ನಾಲ್ವರೇ ಕೂತು ಫೋನ್ ಮಾಡಿ ಮರುಪರಿಶೀಲಿಸಿದೆವು. ಎರಡು ಹಾಳೆಗಳಲ್ಲಿ ಹಿಂದಿನವರ ಮೊಬೈಲ್ ಸಂಖ್ಯೆಯೇ ಉಳಿದುಬಿಟ್ಟಿತ್ತು. ಕರೆ ಬೇರೆಯವರ ಮನೆಗೆ ಹೋದಾಗಲೇ ಅದು ತಿಳಿದದ್ದು.

ಕರೆಂಟ್ ಹೋಗುವುದರ ಬಗ್ಗೆಯೂ ಒಂದು ಮಾತು. ಅರ್ಧ ತುಂಬಿದ ಫಾರ್ಮ್ ಕರೆಂಟ್ ಹೋದಾಗ ಕಳೆದುಹೋಗದಂತೆ ಉಳಿಸುವುದು ಬೇರೆಯೇ ಕೆಲಸ. ಅದಕ್ಕೆ ಇನ್‌ಪುಟ್ ಎಂಬ ಘಟನೆಯನ್ನು ಹಿಡಿಯಬೇಕು, ಅದು ಪ್ರತಿ ಅಕ್ಷರ ಒತ್ತಿದಾಗಲೂ ನಡೆಯುತ್ತದೆ. ಚೇಂಜ್ ಎಂಬುದು ಸಾಮಾನ್ಯವಾಗಿ ಖಾನೆ ಬಿಟ್ಟು ಹೊರಬಂದಾಗ ಮಾತ್ರ ನಡೆಯುತ್ತದೆ. ಉಳಿಸುವಾಗ ಜೊತೆಗೆ ಸಮಯವನ್ನೂ ಇಡಬೇಕು. ತೆರೆದಾಗ 15 ನಿಮಿಷಕ್ಕಿಂತ, ಅಂದರೆ ಕಂಪ್ಯೂಟರ್ ಎಣಿಸುವ 9,00,000 ಮಿಲಿಸೆಕೆಂಡಿಗಿಂತ ಹಳೆಯದಾಗಿದ್ದರೆ ತುಂಬದೆ ಅಳಿಸಬೇಕು. ಮುದ್ರಿಸಿದ ಕೂಡಲೇ ರಿಮೂವ್‌ಐಟಂ ಮಾಡಬೇಕು. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ನಿಮ್ಮದೇ ಅರ್ಜಿಗೆ ಇದು ಬಹಳ ಒಳ್ಳೆಯದು. ಆದರೆ ಆ ಅರ್ಧ ಫಾರ್ಮಿನಲ್ಲೂ ಇರುವುದು ಇನ್ನೊಬ್ಬರ ಮನೆಯ ವಿವರವೇ ಅಲ್ಲವೇ? ವರಾಂಡದ ಕಂಪ್ಯೂಟರಿಗೆ ಅದು ಬೇಡವೆಂದು ತೀರ್ಮಾನಿಸಿ, ಕೋಡ್ ಬರೆಯುವ ಬದಲು ಪ್ರಾಂಶುಪಾಲರಿಗೆ ಯುಪಿಎಸ್ ಬೇಕೆಂದು ಅರ್ಜಿ ಬರೆದೆವು. ಅದು ಇನ್ನೂ ಬಂದಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡಾಗ ಇನ್ನೊಂದು ಕಂಡಿತು. ಮೊಬೈಲ್ ಖಾನೆಯಲ್ಲಿ 9 ಎಂದು ಒತ್ತಿದರೆ ಕೆಳಗೆ ಹಳೆಯ ಸಂಖ್ಯೆಗಳು ಸಾಲಾಗಿ ಇಳಿದವು. ನನ್ನ ಕೋಡ್ ಏನನ್ನೂ ಉಳಿಸುತ್ತಿರಲಿಲ್ಲ. ಇದು ಬ್ರೌಸರ್ ತಾನಾಗಿ ಇಟ್ಟುಕೊಳ್ಳುವ ಆಟೋಫಿಲ್, ಲೋಕಲ್‌ಸ್ಟೋರೇಜಿಗೂ ಅದಕ್ಕೂ ಸಂಬಂಧವಿಲ್ಲ. ಫಾರ್ಮಿನ ಟ್ಯಾಗಿನಲ್ಲಿ ಆಟೋಕಂಪ್ಲೀಟ್ ಎಂಬ ಗುಣವನ್ನು 'ಆಫ್' ಮಾಡಿದೆ, ಜೊತೆಗೆ ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿಯೂ ನಿಲ್ಲಿಸಿದೆ. ವಿಂಡೋಸ್‌ನ ಕ್ರೋಮ್‌ನಲ್ಲಿ ಒಂದೊಂದು ಹಳೆಯ ಸಲಹೆಯ ಮೇಲೆ ಬಾಣದ ಗುರುತಿನಿಂದ ನಿಂತು ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿದರೆ ಅದು ಅಳಿಯುತ್ತದೆ. ಸೈಬರ್ ಸೆಂಟರಿನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಅದಕ್ಕಿಂತ ಸುಲಭ, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಲು ಕೇಳಿ. ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದರೆ ಅಲ್ಲಿ ಉಳಿಸಿದ್ದು ಹೋಗುತ್ತದೆ.

ಕಲಾ ವಿಭಾಗದ ಗೆಳೆಯರು ಇದನ್ನು ಓದುತ್ತಿದ್ದರೆ ಅವರಿಗೊಂದು ಸಂಗತಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳು ಎಂದೇ ಕರೆಯುತ್ತದೆ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅಂದರೆ ನಮ್ಮ ಮೇಜಿನ ಮುಂದೆ ನಿಂತ ಬಹುತೇಕ ಎಲ್ಲರೂ. ಇದನ್ನೆಲ್ಲ ನಾನು ಆಮೇಲೆ ಓದಿದ್ದು. ಆ ದಿನ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕಲಿತದ್ದು. ಅನುಮತಿ ಕೇಳದೆ, ಸಲಾಂ ಹೇಳದೆ ಇನ್ನೊಬ್ಬರ ಮನೆಯೊಳಗೆ ಹೋಗಬಾರದೆಂದು ಸೂರಃ ಅನ್ನೂರ್ ಕಲಿಸುತ್ತದೆ. ನಾನು 63 ಮನೆಗಳ ಬಾಗಿಲನ್ನು ವರಾಂಡದಲ್ಲಿ ತೆರೆದಿಟ್ಟಿದ್ದೆ.

ತರಗತಿಗಳು ಶುರುವಾದ ವಾರ ಆ ತಾಯಿ ಮಗಳ ಶುಲ್ಕ ಕಟ್ಟಲು ಬಂದಿದ್ದರು. ನಾನೇ ಹೋಗಿ ಸಲಾಂ ಹೇಳಿ, "ಖಾಲಾ, ಅವತ್ತು ನಾನು ಇಲ್ಲ ಎಂದದ್ದು ಸುಳ್ಳು. ನಿಮ್ಮದೂ ಕಾಣುತ್ತಿತ್ತು. ಈಗ ಸರಿ ಮಾಡಿದ್ದೇನೆ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ತೋರಿಸು" ಎಂದರು. ವರಾಂಡದ ಕಂಪ್ಯೂಟರಿನ ಮುಂದೆ ಅವರನ್ನು ಕೂರಿಸಿ ಎಫ್12 ಒತ್ತಿದೆ. ಇಂಗ್ಲಿಷ್ ತನಗೆ ಬರುವುದಿಲ್ಲ ಎಂದರು. ಕೀಗಳು ಕನ್ನಡದಲ್ಲಿದ್ದವು. ಬೆರಳಿಟ್ಟು ಒಂದೊಂದಾಗಿ ಓದಿದರು: ವರ್ಷ, ಜಿಲ್ಲೆ, ತಾಲೂಕು, ಸ್ವಯಂಸೇವಕರು. ಕೊನೆಯದರ ಎದುರು ನನ್ನ ಹೆಸರಿತ್ತು. "ಇದು ನೀನಾ?" ಎಂದು ಕೇಳಿದರು. ಹೌದು ಎಂದೆ. ಅದರ ಕೆಳಗೆ ಇನ್ನೇನಾದರೂ ಇದೆಯೇ ಎಂದು ಪರದೆಯನ್ನು ಕೊನೆಯವರೆಗೂ ಸರಿಸಿ ನೋಡಿ, ರಸೀದಿ ತೆಗೆದುಕೊಂಡು ಎದ್ದರು.